ಗಡಿ ದಾಟಿದ ರೂಪಾಯಿಗೆ ವಟ್ಟವೆಷ್ಟು?

ಪರದೇಶಕ್ಕೆ ಹೊರಟವರು ಪಾಸ್‌ಪೋರ್ಟು, ವೀಸಾ, ವಿಮಾನದ ಚೀಟಿಗಳನ್ನು ಹತ್ತು ಸಲ ಎಣಿಸಿ ನೋಡುತ್ತಾರೆ. ಚಟ್ನಿಪುಡಿಯ ಡಬ್ಬಿ ಸೋರದಂತೆ ಎರಡು ಪದರ ಕಾಗದ ಸುತ್ತುತ್ತಾರೆ. ಆದರೆ ತಮ್ಮೊಡನೆ ಬರುತ್ತಿರುವ ಹಣವು ದಾರಿಯಲ್ಲಿ ಎಷ್ಟು ಸೋರುತ್ತದೆಂಬುದನ್ನು ವಿಚಾರಿಸುವವರು ವಿರಳ. ಊರಿಗೆ ಮರಳಿ ಒಂದು ತಿಂಗಳಾದ ಮೇಲೆ ಬ್ಯಾಂಕಿನ ಪಟ್ಟಿ ಕೈಸೇರಿದಾಗಲೇ ಅದರಲ್ಲಿನ ಕಿರುಸಾಲುಗಳು ಕಣ್ಣಿಗೆ ಬೀಳುವುದು. ಇಲ್ಲಿ ನೂರೆಪ್ಪತ್ತು, ಅಲ್ಲಿ ನಾನೂರು, ಮತ್ತೊಂದೆಡೆ ಸಾವಿರದ ಮೇಲೆ. ಯಾವುದಕ್ಕಾಗಿ ಎಂಬುದು ಮಾತ್ರ ತಿಳಿಯದು.

ಈ ಸೋರಿಕೆಗೆ ನಮ್ಮ ಹಿರಿಯರು ಇಟ್ಟ ಹೆಸರು ‘ವಟ್ಟ’. ಒಂದು ನಾಣ್ಯವನ್ನು ಕೊಟ್ಟು ಇನ್ನೊಂದನ್ನು ಪಡೆಯುವಾಗ ಚಿನಿವಾರನು ಹಿಡಿದುಕೊಳ್ಳುವ ಕಳೆತವೇ ವಟ್ಟ. ಅದನ್ನು ಅರಿಯಲು ಹಿಂದೆ ಸಮುದ್ರವನ್ನು ದಾಟಬೇಕಾಗಿರಲಿಲ್ಲ. ಕಲಬುರಗಿ ಜಿಲ್ಲೆಯ ಅತನೂರಿನಂಥ ಹಳ್ಳಿಯವರಿಗೆ ಭೀಮಾ ನದಿಯನ್ನು ದಾಟಿದರೆ ಸಾಕಾಗಿತ್ತು.

ಏಳಕ್ಕೆ ಆರು

ಅತನೂರ ಇರುವ ಅಫಜಲಪುರ ಸೀಮೆಯು ೧೯೪೮ರ ಸೆಪ್ಟೆಂಬರಿನವರೆಗೂ ನಿಜಾಮರ ಆಳ್ವಿಕೆಯಲ್ಲಿತ್ತು. ದಕ್ಷಿಣಕ್ಕೆ ಭೀಮೆಯ ಆಚೆ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆ, ಪಶ್ಚಿಮಕ್ಕೆ ಅಕ್ಕಲಕೋಟೆ ಸಂಸ್ಥಾನ, ಅದನ್ನು ದಾಟಿದರೆ ಸೊಲ್ಲಾಪುರ. ಮಾತು ಎಲ್ಲೆಡೆಯೂ ಕನ್ನಡ, ಊಟ ಎಲ್ಲೆಡೆಯೂ ಜೋಳದ ರೊಟ್ಟಿ. ಆದರೆ ರೂಪಾಯಿ ಮಾತ್ರ ಎರಡು. ಹೈದರಾಬಾದ್ ಸಂಸ್ಥಾನದ್ದು ‘ಹಾಲಿ’ ರೂಪಾಯಿ. ಹಾಲಿ ಸಿಕ್ಕಾ ಎಂದರೆ ಈಗ ನಡೆಯುತ್ತಿರುವ ನಾಣ್ಯವೆಂದರ್ಥ. ಬ್ರಿಟಿಷ್ ಇಂಡಿಯಾದ್ದು ‘ಕಲ್ದಾರ’. ಯಂತ್ರದಲ್ಲಿ ಅಚ್ಚಾದದ್ದು ಎಂಬ ಅರ್ಥದಿಂದ ಆ ಹೆಸರು ಬಂದಿತು. ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದ ಬೆಳ್ಳಿ ರೂಪಾಯಿಯ ಮೇಲೆ ಚಾರ್ಮಿನಾರಿನ ಚಿತ್ರವಿತ್ತು. ಅದರ ಬಾಗಿಲೊಳಗೆ ದೊರೆಯ ಹೆಸರಿನ ಮೊದಲಕ್ಷರವಾದ ‘ಐನ್’ ಇತ್ತು. ೧೯೧೮ರಿಂದ ಆ ಸಂಸ್ಥಾನವು ತನ್ನದೇ ಕಾಗದದ ನೋಟುಗಳನ್ನೂ ಹೊರಡಿಸಿತು. ಅವುಗಳ ಮೇಲೆ ಉರ್ದುವಿನೊಡನೆ ಕನ್ನಡ, ತೆಲುಗು, ಮರಾಠಿ ಅಕ್ಷರಗಳಲ್ಲಿಯೂ ಬೆಲೆಯನ್ನು ಬರೆಯಲಾಗುತ್ತಿತ್ತು.

ಎರಡೂ ರೂಪಾಯಿಗೆ ಹದಿನಾರೇ ಆಣೆ, ಆಣೆಗೆ ಹನ್ನೆರಡೇ ಪೈ. ಆದರೂ ಎರಡರ ಬೆಲೆ ಸಮನಾಗಿರಲಿಲ್ಲ. ನೂರು ಕಲ್ದಾರಕ್ಕೆ ೧೧೬ ರೂಪಾಯಿ ೧೦ ಆಣೆ ೮ ಪೈ ಹಾಲಿ ಎಂಬುದು ಸರಕಾರೀ ಲೆಕ್ಕ. ಜನರ ಬಾಯಿಲೆಕ್ಕದಲ್ಲಿ ಹೇಳುವುದಾದರೆ ಏಳು ಹಾಲಿಗೆ ಆರು ಕಲ್ದಾರ. ಆಷಾಢ ಏಕಾದಶಿಗೆಂದು ಪಂಢರಪುರಕ್ಕೆ ನಡೆದವರಿಗೂ, ಸೊಲ್ಲಾಪುರದ ಪೇಟೆಗೆ ಸರಕು ಒಯ್ದವರಿಗೂ, ಆಚೆಯಿಂದ ದೇವಲ ಗಾಣಗಾಪುರದ ದತ್ತನ ದರ್ಶನಕ್ಕೆ ಬಂದವರಿಗೂ ಈ ಲೆಕ್ಕ ತಪ್ಪಿದ್ದಲ್ಲ.

ಈಗ ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಎಪ್ಪತ್ತು ಹಾಲಿ ರೂಪಾಯಿ ಕೊಟ್ಟವನಿಗೆ ನ್ಯಾಯವಾಗಿ ಅರವತ್ತು ಕಲ್ದಾರ ದೊರೆಯಬೇಕು. ಸರಾಫನು ರೂಪಾಯಿಗೆ ಅರ್ಧಾಣೆ ವಟ್ಟ ಹಿಡಿದನೆಂದು ಇಟ್ಟುಕೊಂಡರೆ ಕೈಗೆ ಬರುವುದು ಐವತ್ತೆಂಟು ರೂಪಾಯಿ ಎರಡಾಣೆ. ಉಳಿದ ಒಂದು ರೂಪಾಯಿ ಹದಿನಾಲ್ಕಾಣೆ ಅಂಗಡಿಯಲ್ಲಿಯೇ ನಿಂತಿತು. ಇಲ್ಲಿ ಎರಡು ಕಳೆತಗಳು ಬೆರೆತಿರುವುದನ್ನು ವಾಚಕರು ಗಮನಿಸಬೇಕು. ಎಪ್ಪತ್ತು ಅರವತ್ತಾದದ್ದು ನಷ್ಟವಲ್ಲ. ಅದು ನಾಣ್ಯಗಳ ಬೆಲೆಯಲ್ಲಿನ ಅಂತರ. ಅರವತ್ತು ಐವತ್ತೆಂಟಾದದ್ದು ಮಾತ್ರ ನಿಜವಾದ ಖರ್ಚು. ಜಾಣನಾದ ಯಾತ್ರಿಕನು ಮೊದಲನೆಯದನ್ನು ಕುರಿತು ಕೊರಗುತ್ತಿರಲಿಲ್ಲ. ಎರಡನೆಯದನ್ನು ಕುರಿತು ಮೂರು ಅಂಗಡಿಗಳಲ್ಲಿ ವಿಚಾರಿಸುತ್ತಿದ್ದನು. ಇಂದಿನ ವಿದೇಶ ಪ್ರವಾಸಿಯು ಕಲಿಯಬೇಕಾದ ಮೊದಲ ಪಾಠವೂ ಇದೇ ಆಗಿದೆ.

೧೯೪೨ರಲ್ಲಿ ಕೆಲಸವನ್ನಾರಂಭಿಸಿದ ಹೈದರಾಬಾದ್ ಸ್ಟೇಟ್ ಬ್ಯಾಂಕು ಈ ಹಾಲಿ ನಾಣ್ಯದ ಮೇಲ್ವಿಚಾರಣೆಯನ್ನು ವಹಿಸಿಕೊಂಡಿತ್ತು. ಸಂಸ್ಥಾನವು ಭಾರತದಲ್ಲಿ ಸೇರಿದ ಮೇಲೂ ಕೆಲವು ವರ್ಷ ಎರಡು ರೂಪಾಯಿಗಳು ಜೊತೆಜೊತೆಯಾಗಿ ನಡೆದವು. ೧೯೫೯ರ ಹೊತ್ತಿಗೆ ಹಾಲಿಯು ಪೂರ್ಣವಾಗಿ ಮರೆಯಾಯಿತು. ಆ ಬ್ಯಾಂಕು ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಗಿ, ೨೦೧೭ರ ಏಪ್ರಿಲ್ ೧ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಭೀಮಾ ತೀರದ ಗಡಿ ಅಳಿಯಿತು. ವಟ್ಟ ಮಾತ್ರ ಬೇರೆ ಗಡಿಗಳಿಗೆ ಸಾಗಿತು.

ಕಾಣದ ಚಿನಿವಾರ

ಅಂದಿನ ಸರಾಫನು ಕಣ್ಣೆದುರಿಗೆ ಗಾದಿಯ ಮೇಲೆ ಕುಳಿತಿರುತ್ತಿದ್ದನು. ಅವನೊಡನೆ ಚೌಕಾಸಿ ಮಾಡಬಹುದಾಗಿತ್ತು. ಇಂದಿನ ಚಿನಿವಾರನು ಕ್ರೆಡಿಟ್ ಕಾರ್ಡಿನೊಳಗೆ ಅಡಗಿ ಕುಳಿತಿದ್ದಾನೆ. ಫ್ರಾಂಕ್‌ಫರ್ಟಿನ ಅಂಗಡಿಯಲ್ಲಿ ನೀವು ಕಾರ್ಡನ್ನು ತೋರಿಸಿದ ಕೂಡಲೆ ಕಾರ್ಡಿನ ಜಾಲವನ್ನು ನಡೆಸುವ ಸಂಸ್ಥೆಯು ಯೂರೋವನ್ನು ರೂಪಾಯಿಗೆ ಪರಿವರ್ತಿಸುತ್ತದೆ. ಅದರ ದರವು ಸಾಮಾನ್ಯವಾಗಿ ನ್ಯಾಯವಾದುದೇ. ಅದರ ಮೇಲೆ ನಿಮ್ಮ ಬ್ಯಾಂಕು ತನ್ನ ವಟ್ಟವನ್ನು ಸೇರಿಸುತ್ತದೆ. ಬ್ಯಾಂಕಿನವರು ಇದಕ್ಕೆ ‘ಮಾರ್ಕಪ್’ ಎನ್ನುತ್ತಾರೆ. ನಮ್ಮ ದೇಶದ ಬಹುತೇಕ ಕಾರ್ಡುಗಳಲ್ಲಿ ಇದು ಶೇಕಡಾ ೨ರಿಂದ ೩.೫ರವರೆಗೆ ಇರುತ್ತದೆ. ಈ ವಟ್ಟದ ಮೇಲೆ ಶೇಕಡಾ ೧೮ರಂತೆ ಜಿ.ಎಸ್.ಟಿ. ತೆರಿಗೆ ಬೇರೆ.

ಮೂರೂವರೆಯ ಮೇಲೆ ತೆರಿಗೆ ಸೇರಿದರೆ ಶೇಕಡಾ ೪.೧೩ ಆಗುತ್ತದೆ. ಹಳೆಯ ಲೆಕ್ಕದಲ್ಲಿ ರೂಪಾಯಿಗೆ ಸುಮಾರು ಎಂಟು ಪೈ. ಅರ್ಧಾಣೆ ಕೇಳಿದ ಸರಾಫನನ್ನು ಲೋಭಿಯೆಂದು ಬೈದ ಅಜ್ಜಂದಿರ ಮೊಮ್ಮಕ್ಕಳು ಇಂದು ಮಾತಿಲ್ಲದೆ ಅದಕ್ಕಿಂತಲೂ ಹೆಚ್ಚನ್ನು ತೆರುತ್ತಿದ್ದಾರೆ!

ಎರಡು ಲಕ್ಷ ರೂಪಾಯಿ ಖರ್ಚು ಮಾಡಿದ ಕುಟುಂಬವೊಂದಕ್ಕೆ ಈ ದರದಲ್ಲಿ ೮,೨೬೦ ರೂಪಾಯಿ ವಟ್ಟ ಬೀಳುತ್ತದೆ. ಕಲಬುರಗಿಯು ತೊಗರಿಯ ನಾಡು. ೨೦೨೫-೨೬ನೆಯ ಸಾಲಿಗೆ ಕೇಂದ್ರ ಸರಕಾರವು ತೊಗರಿಗೆ ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ ೮,೦೦೦ ರೂಪಾಯಿ. ಮಳೆಯನ್ನೇ ನಂಬಿದ ಕರಿಮಣ್ಣಿನಲ್ಲಿ ಬಿತ್ತಿ, ಕಾಯಿಕೊರಕ ಹುಳದಿಂದ ಕಾಪಾಡಿ, ರಾಶಿಮಾಡಿ ತಂದ ಒಂದು ಕ್ವಿಂಟಲ್ ತೊಗರಿ ಬ್ಯಾಂಕಿನ ಪಟ್ಟಿಯ ಕಿರುಸಾಲುಗಳಲ್ಲಿ ಕರಗಿಹೋಯಿತೆಂದರೆ ಅದನ್ನು ಸಣ್ಣ ಮಾತೆನ್ನಲಾಗದು.

ಇದಕ್ಕೆ ಉಪಾಯವೇನು? ಹೊರಡುವ ಎರಡು ತಿಂಗಳು ಮುಂಚೆ ನಿಮ್ಮ ಕಾರ್ಡಿನ ಶುಲ್ಕಗಳ ಪಟ್ಟಿಯನ್ನು ತರಿಸಿ ಓದಿರಿ. ವಿದೇಶೀ ವ್ಯವಹಾರದ ವಟ್ಟವನ್ನು ಕಡಿಮೆಮಾಡಿದ ಅಥವಾ ಪೂರ್ತಿ ಬಿಟ್ಟ ಕಾರ್ಡುಗಳು ಈಗ ಕೆಲವುಂಟು. ಅವುಗಳಿಗೆ ವಾರ್ಷಿಕ ಶುಲ್ಕವೇನಾದರೂ ಇದೆಯೋ ಎಂಬುದನ್ನೂ ವಿಚಾರಿಸಬೇಕು. ವರ್ಷಕ್ಕೆ ಐದು ಸಾವಿರ ತೆತ್ತು ನಾಲ್ಕು ಸಾವಿರ ಉಳಿಸುವುದು ಲಾಭದ ವ್ಯಾಪಾರವಲ್ಲ. ಮನೆಯಲ್ಲಿ ಎರಡು ಕಾರ್ಡುಗಳಿದ್ದರೆ ಯಾವುದು ಶೇಕಡಾ ಎರಡರದು, ಯಾವುದು ಮೂರೂವರೆಯದು ಎಂದು ತಿಳಿದಿದ್ದರೆ ಸಾಕು. ಹೊಸ ಕಾರ್ಡಿಲ್ಲದೆಯೇ ಮೇಲಿನ ಎರಡು ಲಕ್ಷದ ಲೆಕ್ಕದಲ್ಲಿ ೩,೫೪೦ ರೂಪಾಯಿ ಉಳಿಯುತ್ತದೆ.

ರೂಪಾಯಿಯೋ, ಯೂರೋವೋ?

ಪರದೇಶದ ಅಂಗಡಿಯ ಯಂತ್ರವು ಕೆಲವೊಮ್ಮೆ ಬಹು ವಿನಯದಿಂದ ಒಂದು ಪ್ರಶ್ನೆಯನ್ನು ಕೇಳುತ್ತದೆ: ಹಣವನ್ನು ನಿಮ್ಮ ದೇಶದ ರೂಪಾಯಿಯಲ್ಲಿ ಕೊಡುವಿರಾ, ಇಲ್ಲಿನ ನಾಣ್ಯದಲ್ಲಿ ಕೊಡುವಿರಾ? ಪರಿಚಿತವಾದ ರೂಪಾಯಿಯ ಗುರುತನ್ನು ಕಂಡೊಡನೆ ಮನಸ್ಸು ಹಿಗ್ಗಿ ಬೆರಳು ಅತ್ತ ಸರಿಯುವುದು ಸಹಜ. ಆದರೆ ಸರಿಯಾದ ಉತ್ತರ ಒಂದೇ: ನೀವು ನಿಂತಿರುವ ದೇಶದ ನಾಣ್ಯ.

‘ಡೈನಮಿಕ್ ಕರೆನ್ಸಿ ಕನ್ವರ್ಶನ್’ ಎಂದು ಹೆಸರಾದ ಈ ಏರ್ಪಾಡಿನಲ್ಲಿ ಪರಿವರ್ತನೆಯ ದರವನ್ನು ಗೊತ್ತುಮಾಡುವವರು ಅಂಗಡಿಯ ಕಡೆಯವರು. ಅವರು ತಮ್ಮ ವಟ್ಟವನ್ನು ದರದೊಳಗೇ ಬೆರೆಸಿಬಿಡುತ್ತಾರೆ. ಲೆಕ್ಕದ ಅನುಕೂಲಕ್ಕಾಗಿ ಯೂರೋ ಒಂದಕ್ಕೆ ನೂರು ರೂಪಾಯಿ ಎಂದಿಟ್ಟುಕೊಳ್ಳೋಣ. ನೂರು ಯೂರೋ ಬೆಲೆಯ ಕೋಟಿಗೆ ಯಂತ್ರವು ೧೦,೬೦೦ ರೂಪಾಯಿ ತೋರಿಸಿತೆನ್ನಿ. ಯೂರೋವನ್ನೇ ಆರಿಸಿದ್ದರೆ ಮೂರೂವರೆಯ ಕಾರ್ಡಿನಲ್ಲಿಯೂ ೧೦,೪೧೩ ರೂಪಾಯಿಯಷ್ಟೇ ಆಗುತ್ತಿತ್ತು. ವಟ್ಟವಿಲ್ಲದ ಕಾರ್ಡಿನಲ್ಲಿ ಹತ್ತು ಸಾವಿರಕ್ಕೆ ಮುಗಿಯುತ್ತಿತ್ತು. ಇಷ್ಟೇ ಅಲ್ಲದೆ, ರೂಪಾಯಿಯಲ್ಲಿ ಕೊಟ್ಟ ಮೇಲೂ ವ್ಯವಹಾರ ನಡೆದದ್ದು ವಿದೇಶದಲ್ಲಿ ಎಂಬ ಕಾರಣದಿಂದ ಕೆಲವು ಬ್ಯಾಂಕುಗಳು ತಮ್ಮ ಶುಲ್ಕವನ್ನು ಪುನಃ ಹಾಕುತ್ತವೆ. ಹೋಟೆಲಿನಲ್ಲಿ ಗುಮಾಸ್ತನು ನಿಮ್ಮನ್ನು ಕೇಳದೆಯೇ ರೂಪಾಯಿಯನ್ನು ಒತ್ತಿದ್ದರೆ, ರಸೀದಿಗೆ ಸಹಿ ಹಾಕುವ ಮುನ್ನ ಅದನ್ನು ರದ್ದುಮಾಡಿ ಸ್ಥಳೀಯ ನಾಣ್ಯದಲ್ಲಿ ಮತ್ತೆ ಮಾಡೆಂದು ಹೇಳುವುದರಲ್ಲಿ ಸಂಕೋಚಪಡಬೇಕಾದುದಿಲ್ಲ.

ನಗದಿನ ಸಂಗತಿ

ಕಾರ್ಡು ನಡೆಯದ ಕಡೆ ನಗದು ಬೇಕೇ ಬೇಕು. ಅದನ್ನು ಕ್ರೆಡಿಟ್ ಕಾರ್ಡಿನಿಂದ ಮಾತ್ರ ತೆಗೆಯಬಾರದು. ಸಾಮಾನು ಕೊಂಡರೆ ಬಿಲ್ಲು ಕಟ್ಟುವ ದಿನದವರೆಗೆ ಬಡ್ಡಿಯಿಲ್ಲ. ನಗದು ತೆಗೆದರೆ ಅದೇ ದಿನದಿಂದ ಬಡ್ಡಿ ಓಡತೊಡಗುತ್ತದೆ. ಅದರ ಜೊತೆಗೆ ನಗದಿನ ಶುಲ್ಕ, ವಿದೇಶೀ ವಟ್ಟ, ತೆರಿಗೆ ಎಲ್ಲವೂ ಸಾಲಾಗಿ ಬಂದು ಕೂರುತ್ತವೆ.

ಡೆಬಿಟ್ ಕಾರ್ಡಿನಿಂದ ಎ.ಟಿ.ಎಂ. ಯಂತ್ರದಲ್ಲಿ ತೆಗೆಯುವಾಗಲೂ ಎರಡು ಕೈಗಳಿಗೆ ತೆರಬೇಕಾಗುತ್ತದೆ. ಪ್ರತಿ ಸಲಕ್ಕೆ ಇಷ್ಟೆಂದು ನಮ್ಮ ಬ್ಯಾಂಕಿನ ಶುಲ್ಕ ಒಂದು. ಅಲ್ಲಿನ ಯಂತ್ರದ ಒಡೆಯರದು ಇನ್ನೊಂದು. ನಮ್ಮ ಬ್ಯಾಂಕಿನದು ಸಲಕ್ಕೆ ೧೫೦ ರೂಪಾಯಿ ಎಂದಾದರೆ ತೆರಿಗೆ ಸೇರಿ ೧೭೭. ನೂರು ಡಾಲರಿನಂತೆ ಐದು ಸಲ ತೆಗೆದರೆ ೮೮೫ ರೂಪಾಯಿ. ಐನೂರನ್ನು ಒಂದೇ ಸಲ ತೆಗೆದರೆ ೧೭೭. ಆದುದರಿಂದ ಕಡಿಮೆ ಸಲ, ಹೆಚ್ಚು ಮೊತ್ತ ಎಂಬುದೇ ಇಲ್ಲಿನ ಸೂತ್ರ. ಆದರೆ ಸುರಕ್ಷಿತವಾಗಿ ಇಟ್ಟುಕೊಳ್ಳಬಲ್ಲಷ್ಟು ಮಾತ್ರ. ಈ ಯಂತ್ರಗಳೂ ರೂಪಾಯಿಯ ಪ್ರಶ್ನೆಯನ್ನು ಕೇಳುವುದುಂಟು; ಅವಕ್ಕೂ ಮೇಲಿನ ಉತ್ತರವನ್ನೇ ಕೊಡತಕ್ಕದ್ದು.

ವಿಮಾನ ನಿಲ್ದಾಣದ ನಾಣ್ಯ ವಿನಿಮಯದ ಕಟ್ಟೆಗಳಲ್ಲಿ ‘ಕಮಿಷನ್ ಇಲ್ಲ’ ಎಂಬ ಫಲಕವು ಹೊಳೆಯುತ್ತಿರುತ್ತದೆ. ಆ ಮಾತು ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. ಅಂದು ಪೇಟೆಯಲ್ಲಿ ಡಾಲರು ೯೦ ರೂಪಾಯಿ ಇದೆಯೆಂದು ಭಾವಿಸಿ. ಕಟ್ಟೆಯವನು ೯೨.೫೦ಕ್ಕೆ ಮಾರುತ್ತಾನೆ, ೮೭.೫೦ಕ್ಕೆ ಕೊಳ್ಳುತ್ತಾನೆ. ಐನೂರು ಡಾಲರು ಕೊಂಡು, ಪ್ರಯಾಣ ರದ್ದಾಗಿ ಅವನಿಗೇ ಹಿಂದಿರುಗಿಸಿದರೆ ೨,೫೦೦ ರೂಪಾಯಿ ಹೋಯಿತು. ಕಮಿಷನ್ನು ಒಂದು ಪೈಸೆಯೂ ಇಲ್ಲ! ಆದುದರಿಂದ ಕೇಳಬೇಕಾದ ಪ್ರಶ್ನೆ ಕಮಿಷನ್ ಎಷ್ಟೆಂದಲ್ಲ. ‘ನನ್ನ ಐವತ್ತು ಸಾವಿರಕ್ಕೆ ಎಲ್ಲ ಸೇರಿ ನಿಮ್ಮ ಕೈಯಿಂದ ಎಷ್ಟು ಡಾಲರು ಬರುತ್ತದೆ?’ ಎಂಬುದು. ಊರಲ್ಲಿಯೇ ಬ್ಯಾಂಕು ಒಂದನ್ನೂ, ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ವಿನಿಮಯದಾರರು ಇಬ್ಬರನ್ನೂ ಈ ಪ್ರಶ್ನೆ ಕೇಳಿ ಬರೆದುಕೊಂಡರೆ ಉತ್ತರವು ತಾನಾಗಿ ಹೊಳೆಯುತ್ತದೆ.

ಪರವಾನಗಿಯಿಲ್ಲದ ದಲ್ಲಾಳಿಗಳು ಇನ್ನೂ ಒಳ್ಳೆಯ ದರವನ್ನು ಪಿಸುಗುಟ್ಟಬಹುದು. ಅವರ ಕಡೆಗೆ ತಿರುಗಿಯೂ ನೋಡಬಾರದು. ಅದು ಕಾನೂನಿಗೆ ವಿರುದ್ಧವಾದುದು. ಕಳ್ಳನೋಟು ಕೈಸೇರಿದರೆ ದೂರು ಕೊಡಲೂ ದಾರಿಯಿರುವುದಿಲ್ಲ.

ಹುಂಡಿಯಿಂದ ಹಜ್ ನೋಟಿನವರೆಗೆ

ನಗದು ಹೊತ್ತು ತಿರುಗುವ ಭಯಕ್ಕೆ ನಮ್ಮ ವರ್ತಕರು ಬಹು ಹಿಂದೆಯೇ ಹುಂಡಿಯೆಂಬ ಉಪಾಯವನ್ನು ಕಂಡುಕೊಂಡಿದ್ದರು. ಒಂದೂರಿನ ಸಾಹುಕಾರನಲ್ಲಿ ಹಣ ಕಟ್ಟಿ ಚೀಟಿ ಪಡೆದರೆ ಇನ್ನೊಂದೂರಿನ ಅವನ ಪೇಢಿಯಲ್ಲಿ ಹಣ ದೊರೆಯುತ್ತಿತ್ತು. ಪಾಶ್ಚಾತ್ಯರಲ್ಲಿ ಇದೇ ಕೆಲಸಕ್ಕೆ ಪ್ರವಾಸಿ ಚೆಕ್ಕು ಬಂದಿತು. ಅಮೆರಿಕನ್ ಎಕ್ಸ್‌ಪ್ರೆಸ್ ಸಂಸ್ಥೆಯು ಅದನ್ನು ೧೮೯೧ರಲ್ಲಿ ಹೊರತಂದಿತು. ಈಗ ಅದರ ಬಳಕೆ ಬಹುಮಟ್ಟಿಗೆ ನಿಂತಿದೆ.

ಕಲಬುರಗಿಯ ಸೀಮೆಯಿಂದ ಮಕ್ಕಾ ಯಾತ್ರೆಗೆ ಹೋಗುವ ಹಿರಿಯರ ಮನೆಗಳಲ್ಲಿ ಇನ್ನೊಂದು ನೆನಪು ಇರಬಹುದು. ಒಂದು ಕಾಲಕ್ಕೆ ಪಾರಸಿ ಕೊಲ್ಲಿಯ ನಾಡುಗಳಲ್ಲಿ ಭಾರತದ ರೂಪಾಯಿಯೇ ನಡೆಯುತ್ತಿತ್ತು. ಅದರ ಆಸರೆಯಿಂದ ಚಿನ್ನದ ಕಳ್ಳಸಾಗಾಣಿಕೆ ಬೆಳೆದುದರಿಂದ ೧೯೫೯ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಬೇರೆ ನೋಟುಗಳನ್ನು ಹೊರಡಿಸಿತು. ಯಾತ್ರಿಕರಿಗಾಗಿ ಹತ್ತು ಮತ್ತು ನೂರು ರೂಪಾಯಿಗಳ ಹಜ್ ನೋಟುಗಳೂ ಬಂದವು. ೧೯೬೬ರ ಜೂನ್ ೬ರಂದು ರೂಪಾಯಿಯ ಬೆಲೆ ಇಳಿದು ಡಾಲರು ೪.೭೬ರಿಂದ ೭.೫೦ಕ್ಕೆ ಏರಿದಾಗ, ಅಲ್ಲಿಯವರೆಗೂ ರೂಪಾಯಿಯನ್ನು ಇಟ್ಟುಕೊಂಡಿದ್ದ ಕೊಲ್ಲಿಯ ನಾಡುಗಳಲ್ಲಿ ಹೆಚ್ಚಿನವು ಅದನ್ನು ಬಿಟ್ಟುಕೊಟ್ಟವು.

ಇಂದು ಆ ಸ್ಥಾನದಲ್ಲಿರುವುದು ಮುಂಗಡ ಹಣ ತುಂಬಿಸಿದ ಫಾರೆಕ್ಸ್ ಕಾರ್ಡು. ಹೊರಡುವ ಮುನ್ನವೇ ರಿಯಾಲನ್ನೋ ಡಾಲರನ್ನೋ ಅದರಲ್ಲಿ ತುಂಬಿಸಿದರೆ ಅಂದಿನ ದರವೇ ಸ್ಥಿರವಾಗಿ ನಿಲ್ಲುತ್ತದೆ; ಆಮೇಲೆ ರೂಪಾಯಿ ಬಿದ್ದರೂ ಚಿಂತೆಯಿಲ್ಲ. ಅಳತೆಮೀರಿ ಖರ್ಚು ಮಾಡಲೂ ಆಗದು. ಆದರೆ ತುಂಬಿಸುವಾಗಿನ ದರದಲ್ಲಿಯೇ ವಟ್ಟ ಅಡಗಿರಬಹುದು. ಡಾಲರು ತುಂಬಿಸಿದ ಕಾರ್ಡನ್ನು ಲಂಡನ್ನಿನಲ್ಲಿ ಬಳಸಿದರೆ ಡಾಲರಿನಿಂದ ಪೌಂಡಿಗೆ ಮತ್ತೊಂದು ಪರಿವರ್ತನೆಯ ಶುಲ್ಕ ಬೀಳುತ್ತದೆ. ಹೋಗುವ ದೇಶದ ನಾಣ್ಯವನ್ನೇ ತುಂಬಿಸಬೇಕು. ಬಹುಕಾಲ ಬಳಸದೆ ಬಿಟ್ಟ ಕಾರ್ಡಿಗೆ ಶುಲ್ಕ ಹಾಕುವುದೂ ಉಂಟು.

ಊರು ಬಿಡುವ ಮುನ್ನ

೨೦೨೦ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಆದೇಶದ ಪ್ರಕಾರ ಹೊಸ ಕಾರ್ಡುಗಳು ದೇಶದೊಳಗೆ ಮಾತ್ರ ನಡೆಯುತ್ತವೆ. ವಿದೇಶದ ಬಳಕೆಯನ್ನು ಕಾರ್ಡಿನ ಒಡೆಯರೇ ಬ್ಯಾಂಕಿಗೆ ತಿಳಿಸಿ ತೆರೆಸಬೇಕು. ಅಲ್ಲಿಯೇ ದಿನದ ಮಿತಿಯನ್ನೂ ಗೊತ್ತುಮಾಡಬಹುದು. ಬ್ಯಾಂಕಿನ ಗುಪ್ತಸಂಖ್ಯೆಯು ಊರಿನ ಮೊಬೈಲ್ ಸಂಖ್ಯೆಗೆ ಬರುವುದರಿಂದ ಅದು ಪರದೇಶದಲ್ಲಿಯೂ ಸಂದೇಶವನ್ನು ಪಡೆಯುವಂತೆ ವ್ಯವಸ್ಥೆ ಮಾಡಿಕೊಳ್ಳತಕ್ಕದ್ದು. ಎರಡು ಕಾರ್ಡುಗಳನ್ನು ಎರಡು ಚೀಲಗಳಲ್ಲಿ ಇಡುವುದು ಲೇಸು.

ಮನೆಯ ಮುಂದಿನ ತರಕಾರಿ ಗಾಡಿಯವರೆಗೂ ಬಂದಿರುವ ಯು.ಪಿ.ಐ. ಈಗ ಕೆಲವು ಗಡಿಗಳನ್ನು ದಾಟಿದೆ. ೨೦೨೧ರಲ್ಲಿ ಭೂತಾನದಲ್ಲಿ, ೨೦೨೪ರ ಫೆಬ್ರುವರಿಯಲ್ಲಿ ಪ್ಯಾರಿಸಿನ ಐಫೆಲ್ ಗೋಪುರದಲ್ಲಿ, ಅದೇ ತಿಂಗಳು ಶ್ರೀಲಂಕಾ ಮತ್ತು ಮಾರಿಷಸ್‌ಗಳಲ್ಲಿ ಅದಕ್ಕೆ ದಾರಿ ತೆರೆಯಿತು. ಆದರೆ ಅದು ಎಲ್ಲ ಅಂಗಡಿಗಳಲ್ಲಿಯೂ ಇಲ್ಲ. ರೂಪಾಯಿಯ ಪರಿವರ್ತನೆ ಅಲ್ಲಿಯೂ ತಪ್ಪದು. ಅದನ್ನೊಂದನ್ನೇ ನೆಚ್ಚಿಕೊಂಡು ಹೊರಡಬಾರದು.

ಮಕ್ಕಳು ಹೊರದೇಶದಲ್ಲಿ ಓದುತ್ತಿರುವ ತಂದೆತಾಯಿಗಳಿಗೆ ಒಂದು ಮಾತು. ಬ್ಯಾಂಕಿನ ಮೂಲಕ ಕಳಿಸಿದ ಹಣವನ್ನು ಮಧ್ಯದ ಬ್ಯಾಂಕುಗಳೂ ಕಡಿಯುತ್ತವೆ. ಅದರಿಂದ ಕಾಲೇಜಿಗೆ ಇಪ್ಪತ್ತು ಡಾಲರು ಕಡಿಮೆ ತಲುಪಿ, ಹುಡುಗನು ಬಾಕಿದಾರನಾಗಿ ನಿಲ್ಲುವುದುಂಟು. ಎಲ್ಲ ಶುಲ್ಕವೂ ಕಳಿಸುವವರದೇ ಎಂದು ಅರ್ಜಿಯಲ್ಲಿ ಗುರುತು ಮಾಡಿದರೆ ಪೂರ್ತಿ ಹಣ ತಲುಪುತ್ತದೆ.

ಮರಳಿ ಬಂದ ಮೇಲೆ

ಉಳಿದ ವಿದೇಶೀ ಹಣವನ್ನು ಮರಳಿದ ೧೮೦ ದಿನಗಳೊಳಗೆ ಬ್ಯಾಂಕಿಗೋ ವಿನಿಮಯದಾರರಿಗೋ ಒಪ್ಪಿಸಬೇಕೆಂಬುದು ನಿಯಮ. ೨,೦೦೦ ಡಾಲರುಗಳವರೆಗೆ ಮುಂದಿನ ಪ್ರಯಾಣಕ್ಕೆಂದು ಇಟ್ಟುಕೊಳ್ಳಬಹುದು. ಚಿಲ್ಲರೆ ನಾಣ್ಯಗಳನ್ನು ಇಲ್ಲಿ ಕೊಳ್ಳುವವರು ಸಿಕ್ಕುವುದು ಅಪರೂಪ. ಅವುಗಳನ್ನು ಅಲ್ಲಿಯೇ ಕಾಫಿಗೆ ಕೊಟ್ಟು ಬರುವುದು ಒಳ್ಳೆಯದು.

ಒಂದು ವರ್ಷದಲ್ಲಿ ಹತ್ತು ಲಕ್ಷ ರೂಪಾಯಿಗಿಂತ ಹೆಚ್ಚು ಹಣವನ್ನು ಹೊರಕ್ಕೆ ಕಳಿಸಿದವರಿಂದ ಬ್ಯಾಂಕು ಮೂಲದಲ್ಲಿಯೇ ತೆರಿಗೆಯನ್ನು ವಸೂಲು ಮಾಡುತ್ತದೆ. ಮೊದಲು ಏಳು ಲಕ್ಷವಿದ್ದ ಈ ಮಿತಿಯು ೨೦೨೫ರ ಏಪ್ರಿಲ್ ೧ರಿಂದ ಹತ್ತು ಲಕ್ಷವಾಯಿತು. ಪ್ರವಾಸ ಸಂಸ್ಥೆಗಳ ವಿದೇಶ ಯಾತ್ರೆಯ ಪ್ಯಾಕೇಜುಗಳಿಗೆ ಲೆಕ್ಕ ಬೇರೆ. ಇದನ್ನು ಶುಲ್ಕವೆಂದು ತಿಳಿದು ಕೈಬಿಡುವವರುಂಟು. ಇದು ಮುಂಗಡ ತೆರಿಗೆ. ಆದಾಯ ತೆರಿಗೆಯ ಲೆಕ್ಕಪತ್ರದಲ್ಲಿ ತೋರಿಸಿದರೆ ಹೊಂದಿಕೆಯಾಗುತ್ತದೆ ಅಥವಾ ಮರಳಿ ಬರುತ್ತದೆ. ರಸೀದಿಯನ್ನು ಜೋಪಾನಮಾಡಬೇಕು.

ಇಷ್ಟೆಲ್ಲ ಲೆಕ್ಕ ಯಾರಿಗಾಗಿ ಎಂದು ಕೇಳಬಹುದು. ವ್ಯಾಪಾರಕ್ಕೆ ಹೋಗುವವರಿಗೆ ಕಂಪನಿಯು ಖರ್ಚನ್ನು ಕೊಡುತ್ತದೆ. ಆದರೆ ನಮ್ಮ ಮನೆಗಳಿಂದ ಇಂದು ವಿಮಾನವೇರುವವರಲ್ಲಿ ಮಗಳ ಬಾಣಂತನಕ್ಕೆಂದು ಹೊರಟ ತಾಯಂದಿರು ಎಷ್ಟೋ ಮಂದಿ. ಅಂಥ ತಾಯಿಯು ಅಲ್ಲಿ ಒಂದು ಲೋಟ ಕಾಫಿಗೂ ಅಳಿಯನ ಕೈಯನ್ನೇ ನೋಡುವುದಕ್ಕೆ ಬಡತನ ಕಾರಣವಲ್ಲ. ಕಾರ್ಡನ್ನು ತೆಗೆದರೆ ಎಷ್ಟು ಕತ್ತರಿಸುವರೋ ಎಂಬ ಅಂಜಿಕೆ ಕಾರಣ. ಅವಳ ಪಿಂಚಣಿ ಊರಿನ ಬ್ಯಾಂಕಿನಲ್ಲಿ ಭದ್ರವಾಗಿರುತ್ತದೆ. ಮೊಮ್ಮಗುವಿಗೊಂದು ಉಣ್ಣೆಯ ಟೋಪಿ ಕೊಳ್ಳುವ ಆಸೆ ಮಾತ್ರ ಮನಸ್ಸಿನಲ್ಲಿಯೇ ಉಳಿಯುತ್ತದೆ. ಕಡಿಮೆ ವಟ್ಟದ ಒಂದು ಕಾರ್ಡನ್ನು ಕೊಡಿಸಿ, ‘ಅಲ್ಲಿನ ನಾಣ್ಯವನ್ನೇ ಒತ್ತು, ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆಯಬೇಡ’ ಎಂಬ ಎರಡು ಮಾತುಗಳನ್ನು ಮನೆಯವರು ಹೇಳಿಕೊಟ್ಟು ಕಳಿಸಿದರೆ, ಅವಳು ತನ್ನ ಹಣದಿಂದ ತಲೆಯೆತ್ತಿ ಆ ಟೋಪಿಯನ್ನು ಕೊಳ್ಳಬಲ್ಲಳು.

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎನ್ನುವ ಮಾತು ಉಳಿತಾಯಕ್ಕೆ ಹೇಗೋ ಸೋರಿಕೆಗೂ ಹಾಗೆಯೇ ಸಲ್ಲುತ್ತದೆ. ವಟ್ಟವನ್ನು ಪೂರ್ತಿಯಾಗಿ ತಪ್ಪಿಸಲು ಭೀಮಾ ತೀರದ ಹಿರಿಯರಿಗೂ ಆಗಲಿಲ್ಲ, ನಮಗೂ ಆಗದು. ಎಷ್ಟು ಕೊಟ್ಟೆವು, ಏಕೆ ಕೊಟ್ಟೆವು ಎಂಬುದನ್ನು ತಿಳಿದು ಕೊಡುವುದು ಮಾತ್ರ ನಮ್ಮ ಕೈಯಲ್ಲಿದೆ.